ಎರಡು ಬಟ್ಟಲು, ಒಂದು ಕೋಳಿ ಚೂರು

ಸಿಂಗಸಂದ್ರದ ಭದ್ರಮ್ಮನಿಗೆ ಯಾರ ಮೇಲೂ ನಂಬಿಕೆ ಇರಲಿಲ್ಲ. ಹಾಲಿನವನು ಹಾಕಿದ ಹಾಲನ್ನು ಬೆರಳಿಗೆ ಹಚ್ಚಿ ನೋಡದೆ ಒಲೆಗಿಡುತ್ತಿರಲಿಲ್ಲ. ಹೊಲ ಹೋಗಿ ಬಾಡಿಗೆ ಮನೆಗಳೆದ್ದ ಮೇಲಂತೂ ಅನುಮಾನಪಡಲು ಬೇಕಾದಷ್ಟು ಜನ ಸಿಕ್ಕರು. ಕೆಳಗಿನ ಮಳಿಗೆಯಲ್ಲಿ ಹಲ್ಲಿನ ಕ್ಲಿನಿಕ್ ಇಟ್ಟಿದ್ದ ಡಾಕ್ಟರ್ ಕೃಪಾಳ ಸರದಿ ಬಂದದ್ದು ವಾಸನೆಯಿಂದ. ಬಚ್ಚಲು ತೊಳೆಯುವ ಬ್ಲೀಚಿನ ವಾಸನೆ! ತನ್ನ ಸಂಪಿನ ನೀರು ಕೆಟ್ಟೇಹೋಯಿತೆಂದು ಭದ್ರಮ್ಮ ಮಗ ದೇವರಾಜನನ್ನೂ ಕೇಳದೆ ತಾನೇ ತೀರ್ಮಾನಿಸಿ, ತಿಂಗಳೊಳಗೆ ಖಾಲಿ ಮಾಡು ಎಂದುಬಿಟ್ಟಳು. ಕೃಪಾ ಎಷ್ಟು ಬೇಡಿಕೊಂಡರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಅದೇ ವಾರ ಭದ್ರಮ್ಮನ ದವಡೆ ಹಲ್ಲು ನೋಯತೊಡಗಿತು. ಮುದ್ದೆ ನುಂಗಲು ಹಲ್ಲು ಬೇಡ, ನಿಜ. ಆದರೆ ಕೋಳಿ ಸಾರಿಗೆ ಬೇಕಲ್ಲ, ಅಗಿಯಲು ಉಳಿದಿದ್ದದ್ದು ಅದೊಂದೇ. ಬೆಳ್ಳಂದೂರಿನ ದೊಡ್ಡ ಕ್ಲಿನಿಕ್ಕಿಗೆ ಹೋಗೋಣವೆಂದರೆ ಆ ಟ್ರಾಫಿಕ್ಕಿನಲ್ಲಿ ಜೀವವೇ ಹೋದೀತು. ಸೆರಗನ್ನು ಕೆನ್ನೆಗೊತ್ತಿಕೊಂಡು ಮೆಟ್ಟಿಲಿಳಿದಳು.

"ರೂಟ್ ಕೆನಾಲ್ ಮಾಡಿದ್ರೆ ಹಲ್ಲು ಉಳಿಯುತ್ತೆ" ಎನ್ನುತ್ತ ಕೃಪಾ ಸಿರಿಂಜಿಗೆ ಔಷಧಿ ತುಂಬಿದಳು. ಭದ್ರಮ್ಮನ ಮೂಗಿಗೆ ಅದೇ ವಾಸನೆ ಬಡಿಯಿತು.

"ಬಚ್ಚಲಿಗಾಕೋದನ್ನ ನನ್ ಬಾಯಿಗಾಕ್ತೀಯಾ? ಮಳಿಗೆ ಬಿಡ್ಸಿದ್ದಕ್ಕೆ ಇಂಗೆ ಸೇಡಾ?"

"ಇದು ಹಲ್ಲಿಗೇ ಅಂತ ಮಾಡಿರೋದಮ್ಮ. ಬೇರಿನೊಳಗೆ ಕ್ರಿಮಿ ಸಾಯ್ಬೇಕು, ಸತ್ತ ನರ ಕರಗ್ಬೇಕು."

ಶೆಲ್ಫಿನಲ್ಲಿದ್ದ ಇನ್ನೊಂದು ಬಾಟಲಿಯನ್ನು ಭದ್ರಮ್ಮ ಮೂಸಿದಳು. ಬ್ಲೀಚಿನ ನಾತವೇ ಇಲ್ಲ. ಒಳ್ಳೆಯದನ್ನು ಬಚ್ಚಿಟ್ಟಿದ್ದಾಳೆ!

"ಅದು ಕ್ಲೋರ್‌ಹೆಕ್ಸಿಡಿನ್. ಕ್ರಿಮಿ ಕೊಲ್ಲುತ್ತೆ, ನರ ಕರಗಿಸಲ್ಲ" ಎಂದಳು ಕೃಪಾ.

ಬಾಯಿಮಾತು ಯಾರಿಗೆ ಬೇಕು? ಭದ್ರಮ್ಮ ಮೇಲೆ ಹೋಗಿ ಹಸಿ ಕೋಳಿಯ ಎರಡು ಚೂರು ತಂದಳು. ಎರಡು ಬಟ್ಟಲಿಗೆ ಕೃಪಾಳಿಂದ ಒಂದೊಂದು ಔಷಧಿ ಸುರಿಸಿ, ತಾನೇ ಒಂದೊಂದು ಚೂರು ಹಾಕಿ ಕಾವಲು ಕೂತಳು. ವಾಸನೆಯಿಲ್ಲದ್ದರಲ್ಲಿ ಚೂರು ಹಾಕಿದಂತೆಯೇ ಇತ್ತು. ಇನ್ನೊಂದರಲ್ಲಿ ಗುಳ್ಳೆಯೆದ್ದು, ಸವೆದು, ಕೊನೆಗೆ ಕಾಣದಾಯಿತು. ಭದ್ರಮ್ಮನಿಗೆ ಈಗ ನಿಜವಾಗಿ ಭಯವಾಯಿತು.

"ಇದು ನನ್ ದವಡೇನೂ ತಿನ್ನಲ್ವಾ?"

"ಬೇರಿನ ತುದಿ ದಾಟಿದ್ರೆ ಮುಖ ಊದ್ಕೊಳ್ಳುತ್ತೆ" ಎಂದಳು ಕೃಪಾ, ಮುಚ್ಚುಮರೆಯಿಲ್ಲದೆ. "ಅದಕ್ಕೇ ಮೆಲ್ಲಗೆ ಬಿಡ್ತೀನಿ; ಬಾಯಿಗೆ ಸೋರದ ಹಾಗೆ ಹಲ್ಲಿನ ಸುತ್ತ ರಬ್ಬರ್ ಹಾಳೆ ಕಟ್ತೀನಿ. ಕೈ ನಂದು. ನಂಬೋದು ನಿಮಗೆ ಬಿಟ್ಟಿದ್ದು."

ತಾನು ಬೀದಿಗೆ ಹಾಕಹೊರಟ ಕೈ! ಭದ್ರಮ್ಮ ಅದನ್ನೇ ದಿಟ್ಟಿಸಿದಳು. ನೋವು ಮತ್ತೊಮ್ಮೆ ಚುಚ್ಚಿತು. ಜೀವ ಬಿಗಿಹಿಡಿದು ಬಾಯಿ ತೆರೆದಳು.

ಹಲ್ಲು ಉಳಿಯಿತು. ಮೇಲೆ ಕ್ಯಾಪ್ ಕೂತ ಮೊದಲ ಭಾನುವಾರ ಕೋಳಿ ಕಾಲನ್ನು ಚೆನ್ನಾಗಿ ಅಗಿದು, ಕೈ ತೊಳೆದವಳೇ ಕೆಳಗೆ ಬಂದಳು. ಕೃಪಾ ರಟ್ಟಿನ ಡಬ್ಬಗಳಿಗೆ ಸಾಮಾನು ತುಂಬುತ್ತಿದ್ದಳು.

"ಖಾಲಿ ಮಾಡ್ಬ್ಯಾಡ ಕಣವ್ವ. ಇಲ್ಲೇ ಇರು."

ಕೃಪಾ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಯಾಕಮ್ಮ? ಈಗೇನು ಹೊಸ ಪ್ಲಾನು? ಮಗನನ್ನ ಕರೀರಿ, ಅವರೆದುರು ಹೇಳಿ. ಆಮೇಲೆ ನಂಬ್ತೀನಿ."

ಭದ್ರಮ್ಮನಿಗೆ ಕೆನ್ನೆಗೆ ಬಾರಿಸಿದಂತಾಯಿತು. ಹಲ್ಲುನೋವೂ ಇಷ್ಟು ನೋಯಿಸಿರಲಿಲ್ಲ. ಅವಳ ಮಾತನ್ನು ಹೀಗೆ ಬೆರಳಿಗೆ ಹಚ್ಚಿ ನೋಡಿದವರು ಅದುವರೆಗೆ ಯಾರೂ ಇರಲಿಲ್ಲ. ಬಾಯಿಗೆ ಬಂದ ಬೈಗುಳವನ್ನು ನುಂಗಿಕೊಂಡು, ಮಗ ದೇವರಾಜನನ್ನು ಕರೆತರಲು ತೆಪ್ಪಗೆ ಮೆಟ್ಟಿಲು ಹತ್ತಿದಳು.