ತಗಡಿನ ಕೆಳಗಿನ ಕೆಂಪು

ಎಂಬತ್ತರ ದಶಕದ ನಡುವಿನಲ್ಲಿ ನಾನು ಕಲಬುರಗಿಯ ಒಂದು ಆರ್ಕೆಸ್ಟ್ರಾದಲ್ಲಿ, ಹಾಡಿನ ತಳದ ಮಂದ್ರ ಸ್ವರಗಳ ಬೇಸ್ ಗಿಟಾರ್ ನುಡಿಸುತ್ತಿದ್ದೆ. ಹಗಲೆಲ್ಲ ನಮ್ಮ ಬಟ್ಟೆ ಅಂಗಡಿಯಲ್ಲಿ ಅವ್ವನ ಜೊತೆ ಕೂರುತ್ತಿದ್ದೆ. ಅಪ್ಪ ತೀರಿಕೊಂಡ ಮೇಲೆ ಅಂಗಡಿಯನ್ನು ನಡೆಸಿದವಳು ಅವಳೇ. ನನ್ನ ಗಿಟಾರಿನ ಮೇಲೆ ಅವಳಿಗೆ ಸಿಟ್ಟೂ ಇರಲಿಲ್ಲ, ಕುತೂಹಲವೂ ಇರಲಿಲ್ಲ. ಅದನ್ನು "ಆ ಕಟಗಿ" ಎನ್ನುತ್ತಿದ್ದಳು, ಅಷ್ಟೆ.

ತಂಡದ ಮುಖ್ಯ ಗಿಟಾರ್ ವಾದಕರು ಕಮಲಾಪುರದ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರರು. ಶನಿವಾರ ಶಾಲೆ ಬಿಟ್ಟ ಕೂಡಲೇ ಬಸ್ಸು ಹತ್ತಿ ಕಲಬುರಗಿಯ ಐವಾನ್-ಎ-ಶಾಹಿ ಬಡಾವಣೆಯ ನಮ್ಮ ತಾಲೀಮಿನ ಕೋಣೆಗೆ ಬರುತ್ತಿದ್ದರು. ನುಡಿಸುತ್ತಿದ್ದದ್ದು ತಂಡದ ಗಿಟಾರು. ಅವರದೇ ಒಂದು ಇತ್ತಂತೆ, ಹೈದರಾಬಾದಿನಲ್ಲಿ ಓದುವಾಗ ಕೊಂಡಿದ್ದ ಜಪಾನಿನ ಎಲೆಕ್ಟ್ರಿಕ್ ಗಿಟಾರ್. ಮೊದಲ ನೌಕರಿ ಕರೆಂಟಿಲ್ಲದ ಹಳ್ಳಿಯಲ್ಲಿ ಸಿಕ್ಕಾಗ ಅದನ್ನು ಗೆಳೆಯನ ಮನೆಯಲ್ಲಿ ಬಿಟ್ಟು ಬಂದರು. ಎರಡು ವರ್ಷದ ಮೇಲೆ ಹೋಗಿ ನೋಡಿದರೆ ಗೆಳೆಯ ಊರು ಬಿಟ್ಟಿದ್ದ, ಗಿಟಾರಿನ ಸುಳಿವೂ ಇರಲಿಲ್ಲ.

"ಅಂಚಿಗೆ ಕಪ್ಪು, ಅದರ ಒಳಗ ಕೆಂಪು, ನಟ್ಟ ನಡುವ ಹಳದಿ. ಮೂರು ಬಣ್ಣದ ಸನ್‌ಬರ್ಸ್ಟ್ ಅದು. ಎರಡು ಬಣ್ಣದ್ದಲ್ರಿ" ಎಂದು ಚಹಾ ಕುಡಿಯುವಾಗಲೆಲ್ಲ ಹೇಳುತ್ತಿದ್ದರು. ನಡುವಿನ ಹಳದಿ ಅಂಚಿನ ಕಡೆಗೆ ಸಾಗುತ್ತ ಮೆಲ್ಲಗೆ ಕಪ್ಪಾಗುವ ಬಣ್ಣಗಾರಿಕೆಗೆ ಸನ್‌ಬರ್ಸ್ಟ್ ಎನ್ನುತ್ತಾರೆ. ಕೆಲವುಗಳಲ್ಲಿ ಈ ಎರಡೇ ಬಣ್ಣ, ಕೆಲವುಗಳಲ್ಲಿ ನಡುವೆ ಕೆಂಪಿನ ಪಟ್ಟಿ. ಕಾರ್ಯಕ್ರಮಕ್ಕೆ ಯಾವ ಊರಿಗೆ ಹೋದರೂ ಮಾಸ್ತರರು ವಾದ್ಯದ ಅಂಗಡಿಗಳಿಗೆ ಇಣುಕುತ್ತಿದ್ದರು. ಕೆಂಪು ಕಾಣದಿದ್ದರೆ ಬಾಗಿಲಿನಿಂದಲೇ ತಿರುಗುತ್ತಿದ್ದರು.

ಒಂದು ದಿನ ದರ್ಗಾದ ಸುತ್ತಲಿನ ರೋಜಾ ಓಣಿಯ ರೇಡಿಯೋ ರಿಪೇರಿ ಅಂಗಡಿಯಲ್ಲಿ ಅಂಥದೇ ಜಪಾನಿನ ಗಿಟಾರ್ ಗೋಡೆಗೆ ನೇತಾಡುತ್ತಿದ್ದದ್ದು ನನ್ನ ಕಣ್ಣಿಗೆ ಬಿತ್ತು. ಉರುಸಿಗೆ ಬಂದಿದ್ದ ಯಾರೋ ರಿಪೇರಿಗೆ ಕೊಟ್ಟವರು ವಾಪಸ್ ಬಂದೇ ಇರಲಿಲ್ಲವಂತೆ. "ನಾಕು ವರ್ಷ ಆತು. ತಗೊಂಡ್ ಹೋಗ್ರಿ ಸಾಬ್, ಬಜಾಯಿಸ್ರಿ. ಇಲ್ಲಿ ಖಾಲಿಪೀಲಿ ಧೂಳು ತಿನ್ನಾಕತ್ತದ" ಎಂದ ಅಂಗಡಿಯವನು.

ಮಾಸ್ತರರಿಗೆ ಹೇಳಿದೆ. ಅವರು ಕೇಳಿದ್ದು ಒಂದೇ.

"ಕೆಂಪು ಅದ ಏನು?"

"ಇಲ್ರಿ. ಕಪ್ಪು, ಹಳದಿ. ಎರಡೇ."

"ಹಂಗಾದ್ರ ಬ್ಯಾಡ ಬಿಡ್ರಿ."

ನೋಡಲೂ ಬರಲಿಲ್ಲ. ನಾನೇ ಅದನ್ನು ತಂದು, ಹೊಸ ತಂತಿ ಹಾಕಲೆಂದು ಅಂಗಡಿಯ ಬಿಳಿ ಹಾಸಿನ ಮೇಲೆ ಮಲಗಿಸಿ ಹಳೆಯ ತಂತಿ ಬಿಚ್ಚುತ್ತಿದ್ದೆ. ಸೀರೆ ಮಡಚುತ್ತಿದ್ದ ಅವ್ವ ಕೈ ನಿಲ್ಲಿಸಿ ಬಗ್ಗಿ ನೋಡಿದಳು.

"ಇದರಾಗ ಕೆಂಪು ಇತ್ತು" ಎಂದಳು.

ನಾನು ನಕ್ಕೆ. ಅವಳು ಎದ್ದು, ಬಾಗಿಲ ಕಡೆಯ ಕಪಾಟಿನಿಂದ ಮಾರಾಟವಾಗದೆ ಉಳಿದಿದ್ದ ಸೀರೆಯೊಂದನ್ನು ತೆಗೆದು ಮಡಿಕೆ ಬಿಚ್ಚಿದಳು. ಹೊರಗಿನ ಮಡಿಕೆ ಮಾಸಲು ಕಂದು, ಒಳಗೆ ಹಸಿ ಕೆಂಪು.

"ಬಿಸಲಿಗೆ ಕೆಂಪು ಮೊದಲ ಹೋಗ್ತದ, ಕಪ್ಪು ಕುಂತಿರ್ತದ. ನೋಡಿಲ್ಲಿ" ಎಂದು ಗಿಟಾರಿನ ಮೇಲೆ ಬೆರಳು ಸರಿಸಿದಳು. "ಬರೇ ಎರಡು ಬಣ್ಣ ಇದ್ದಿದ್ರ ಈ ಕಪ್ಪು ಸೀದಾ ಹಳದಿಗೆ ಕೂಡ್ತಿತ್ತು. ನಡುವ ಚಾದ ಬಣ್ಣ ಯಾಕ ಅದ? ಬೆಳಕು ಬೀಳದ ಜಾಗಾ ಎಲ್ಲಿ ಅದ ಇದರಾಗ?"

ತಂತಿಗಳ ಪಕ್ಕದಲ್ಲಿ ಬಿಳಿ ಪ್ಲಾಸ್ಟಿಕ್ಕಿನ ಅಗಲ ತಗಡೊಂದು ಇರುತ್ತದೆ. ಅದರ ಸ್ಕ್ರೂಗಳನ್ನು ಬಿಚ್ಚಿ ಎತ್ತಿದೆ. ಕೆಳಗೆ ಕಪ್ಪಿನ ಪಕ್ಕ ಬೆರಳಗಲ ಕೆಂಪು, ನಿನ್ನೆ ಬಳಿದಂತೆ. ಹತ್ತು ವರ್ಷದಿಂದ ಗಿಟಾರು ಹಿಡಿದವನು ನಾನು. ಒಮ್ಮೆಯೂ ಗಿಟಾರು ಮುಟ್ಟದವಳು ಅದನ್ನು ಕಂಡಿದ್ದಳು. ಅವ್ವ "ಹ್ಞೂಂ" ಎಂದು ಮತ್ತೆ ಸೀರೆ ಮಡಚತೊಡಗಿದಳು. ಆ ಕ್ಷಣದಲ್ಲಿ ಅವಳ ಬಗ್ಗೆ ನನಗೆ ಹೆಮ್ಮೆಯಾಯಿತು.

ಆ ಶನಿವಾರ ತಾಲೀಮು ಇರಲಿಲ್ಲ, ಹಾಗಾಗಿ ಮರುದಿನ ಭಾನುವಾರ ನಾನೇ ಮಾಸ್ತರರ ಊರಿಗೆ ಹೊರಟೆ. ಅವ್ವನ ತವರು ಕಮಲಾಪುರ, ಹಾಗಾಗಿ ಅವಳೂ ಬಸ್ಸು ಹತ್ತಿದಳು. ಮಾಸ್ತರರ ಮನೆಯ ಕಟ್ಟೆಯ ಮೇಲೆ ಗಿಟಾರಿಟ್ಟು ತಗಡು ಎತ್ತಿ ತೋರಿಸಿದೆ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಗಿಟಾರನ್ನು ಮಗುಚಿ ಹಿಂದಿನ ಮುಚ್ಚಳ ಬಿಚ್ಚಿಸಿದರು. ತಮ್ಮ ಗಿಟಾರಿನ ಮುಚ್ಚಳದ ಒಳಗೆ ಅವರು ಮೊಳೆಯಿಂದ ಹೆಸರು ಕೊರೆದಿದ್ದರಂತೆ. ಇಲ್ಲಿ ಏನೂ ಇರಲಿಲ್ಲ.

"ನಂದಲ್ರಿ" ಎಂದರು. ಮುಚ್ಚಳವನ್ನು ಮತ್ತೆ ಕೂರಿಸುತ್ತ, "ಸೋಲಾಪುರದಾಗ ಒಂದು ನೋಡಿದ್ದೆ. ಕೆಂಪಿಲ್ಲ ಅಂತ ಕೈಯಾಗ ಸುದ್ದಾ ಹಿಡೀಲಿಲ್ಲ" ಎಂದರು.

ಮುಂದಿನ ವಾರ ನಾನೂ ಅವರೂ ಸೋಲಾಪುರಕ್ಕೆ ಹೋದೆವು. ಅದು ಯಾವಾಗಲೋ ಮಾರಾಟವಾಗಿತ್ತು. ವಾಪಸ್ ಬರುವಾಗ ಅವರು ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದರು. ಕಲಬುರಗಿಯಲ್ಲಿ ಇಳಿದವರು ನೇರ ನಮ್ಮ ಅಂಗಡಿಗೆ ಬಂದು, ಆ ರೋಜಾದ ಗಿಟಾರಿಗೆ ಕೆಂಪು ಹಾಕಿಸಿದರೆ ಹೇಗೆಂದು ಅವ್ವನನ್ನೇ ಕೇಳಿದರು.

"ಬ್ಯಾಡ್ರಿ. ಮ್ಯಾಲ ಹಾಕಿದ ಬಣ್ಣ ಎದ್ದು ಕಾಣ್ತದ. ಹಿಂಗೇ ಬಾರಿಸ್ರಿ, ಛಲೋ ಅದ."

ಅವರು ಒಪ್ಪಿದರು. ಗಿಟಾರು ಅವರದಾಯಿತು.

ಈ ಸುದ್ದಿ ವಾದಕರಲ್ಲಿ ಹರಡಿತು. ತೊಂಬತ್ತರ ದಶಕದಲ್ಲಿ ಬೀದರ, ರಾಯಚೂರಿನ ಆರ್ಕೆಸ್ಟ್ರಾದವರು ಗಿಟಾರು, ಬೇಸು ಹೊತ್ತು, ಅವುಗಳ ಅಸಲು ಬಣ್ಣ ಯಾವುದೆಂದು ಕೇಳಲು ಖೂಬಾ ಪ್ಲಾಟ್ ಬಡಾವಣೆಯ ನಮ್ಮ ಮನೆಗೆ ಬರುತ್ತಿದ್ದರು. ಅವ್ವ ಟ್ಯೂಬ್‌ಲೈಟಿನಲ್ಲಿ ಎಂದೂ ನೋಡಲಿಲ್ಲ. ಹೊಸ್ತಿಲ ಬೆಳಕಿಗೇ ತರಿಸಬೇಕು. ಹಳೆಯ ವಾರ್ನಿಶ್ ತಾನೇ ಹಳದಿಯಾಗಿ ಕೆಂಪನ್ನು ಕಿತ್ತಳೆ ಮಾಡಿಬಿಡುತ್ತದೆಂದು ಅವಳು ಒಂದೆರಡು ವರ್ಷದಲ್ಲೇ ಕಂಡುಕೊಂಡಳು. ಸ್ಕ್ರೂ ಬಿಚ್ಚಿದ ತೂತಿನೊಳಗೆ ಬಣ್ಣ ಇಳಿದಿದ್ದರೆ ಯಾರೋ ಆಮೇಲೆ ಬಳಿದದ್ದು ಎನ್ನುತ್ತಿದ್ದಳು. ಗೊತ್ತಾಗದಿದ್ದರೆ "ತಿಳೀವಲ್ದಪ್ಪ" ಎಂದು ಗಿಟಾರನ್ನು ವಾಪಸ್ ಕೊಡುತ್ತಿದ್ದಳು. ಅವಳು ಊಹಿಸಿ ಹೇಳಿದ್ದನ್ನು ನಾನು ಎಂದೂ ಕೇಳಲಿಲ್ಲ. ನಾನು ಹಾಗಿರಲಿಲ್ಲ. ಒಮ್ಮೆ ರಾಯಚೂರಿನವನೊಬ್ಬನ ಬೇಸನ್ನು ದೂರದಿಂದಲೇ ನೋಡಿ, ಎಲ್ಲರೆದುರು, ಇದು ಮಾಸಿದ ಮೂರು ಬಣ್ಣದ್ದು ಎಂದುಬಿಟ್ಟೆ. ಅವ್ವ ತಗಡು ತೆಗೆಸಿದಳು. ಕೆಳಗೂ ಎರಡೇ ಬಣ್ಣ. "ನೋಡಿ ಹೇಳಬೇಕಪ್ಪ" ಎಂದಳು, ಮೆಲ್ಲಗೆ, ನನಗೆ ಮಾತ್ರ ಕೇಳುವಂತೆ.

ಮಾಸ್ತರರು ನಿವೃತ್ತರಾದಾಗ ಹೊಸ ಶತಮಾನ ಬಂದಿತ್ತು. ನಮ್ಮ ಆರ್ಕೆಸ್ಟ್ರಾ ಅಷ್ಟರಲ್ಲಿ ನಿಂತುಹೋಗಿತ್ತು. ಕಮಲಾಪುರದ ಶಾಲೆಯ ಅಂಗಳದಲ್ಲಿ ಬೀಳ್ಕೊಡುಗೆ ಇಟ್ಟುಕೊಂಡು, ಅವ್ವನಿಗೆ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸಿದ್ದರು. ಮಾಸ್ತರರು ಅರ್ಧ ಗಂಟೆ ನುಡಿಸಿದರು, ನಾನು ಪಕ್ಕದಲ್ಲಿ ಬೇಸ್ ಹಿಡಿದಿದ್ದೆ. ಅಷ್ಟು ವರ್ಷದಲ್ಲಿ ಅವ್ವ ನನ್ನ ವಾದ್ಯ ಕೇಳಲು ಕೂತದ್ದು ಅದೇ ಮೊದಲು.

ಊಟಕ್ಕೆ ಕೂತಾಗ ಕೇಳಿದಳು, "ಮಾಸ್ತರರು ಎಷ್ಟು ಚಂದ ಬಾರಿಸಿದ್ರು. ನಿಂದ್ಯಾಕ ಕೇಳಿಸಲೇ ಇಲ್ಲ?"

"ನಂದು ಬೇಸ್ ಅವ್ವಾ. ಅದು ಹಂಗೇ, ಕೆಳಗ ಇರ್ತದ."

ಅವಳು ಎರಡು ತುತ್ತು ಉಂಡು, "ಇನ್ನೊಮ್ಮೆ ಬಾರಿಸ್ವಾಗ ಹೇಳು, ನಿಂದಷ್ಟೇ ಕೇಳ್ತೀನಿ" ಎಂದಳು.