ಹಳೆಯ ಕೂಲರಿನ ತಂಪು ಗಾಳಿ

ಗೆಳೆಯರೇ, ಇಂದು ಮಧ್ಯಾಹ್ನ ನಾನು ಮೊದಲ ಸಲ ಹಿರಿಯರೊಬ್ಬರ ಮೇಲೆ ಕೂಗಾಡಿದೆ.

ಅಪ್ಪನ ಮಾತ್ರೆ ತರಲು ಧರಮಪೇಠಕ್ಕೆ ಹೋಗಿದ್ದೆ. ಮರಳಿ ಮೆಟ್ಟಿಲು ಹತ್ತುವಾಗ ನಮ್ಮ ಮನೆಯಿಂದ ಕೂಲರಿನ ನೆನೆದ ಲಾವಂಚದ ವಾಸನೆ ಬಂತು. ನಾಗಪುರದ ಬೇಸಿಗೆಯಲ್ಲಿ ಅದಕ್ಕಿಂತ ಸುಖದ ವಾಸನೆ ಇಲ್ಲ. ಆದರೆ ನಾನು ಎರಡೆರಡು ಮೆಟ್ಟಿಲು ಹಾರಿ ಮೇಲೆ ಓಡಿದೆ.

ಅಪ್ಪನಿಗೆ ಕಿಡ್ನಿ ಕಸಿಯಾಗಿದೆ. ಹೊಸ ಕಿಡ್ನಿಯನ್ನು ದೇಹ ತಿರಸ್ಕರಿಸದಿರಲೆಂದು ಔಷಧಿ ಕೊಟ್ಟು ರೋಗನಿರೋಧಕ ಶಕ್ತಿಯನ್ನೇ ತಗ್ಗಿಸಿದ್ದಾರೆ. ಅದೇ ಸಮಯ ನೋಡಿ ಶ್ವಾಸಕೋಶಕ್ಕೆ ಫಂಗಸ್, ಅಂದರೆ ಗಾಳಿಯಲ್ಲಿ ಹಾರಿಬರುವ ಬೂಷ್ಟು, ನುಗ್ಗಿತ್ತು. ಆಸ್ಪತ್ರೆಯಿಂದ ಕಳಿಸುವಾಗ ಡಾಕ್ಟರು, "ಮಾತ್ರೆ ತಪ್ಪಿಸಬೇಡಿ, ಕೂಲರ್ ಹಚ್ಚಬೇಡಿ" ಎಂದಿದ್ದರು.

ಒಳಗೆ ಹೋದರೆ, ಪಕ್ಕದ ಮನೆಯ ಬೆಳಗಾವಿ ಕಾಕೂ ನಮ್ಮ ಕೂಲರಿಗೆ ನೀರು ತುಂಬಿ ಹಚ್ಚಿದ್ದರು. ಹೋದ ವರ್ಷದ ಲಾವಂಚದ ಪ್ಯಾಡು, ಅಂಚಿಗೆಲ್ಲ ಕಪ್ಪು ಬೂಷ್ಟು. ಗಾಳಿ ನೇರವಾಗಿ ಅಪ್ಪನ ಮುಖಕ್ಕೆ ಬೀಸುತ್ತಿತ್ತು.

"ಬಂದ್ ಮಾಡ್ರಿ!" ಎಂದು ಕಿರುಚಿ ಪ್ಲಗ್ ಕಿತ್ತೆ.

"ಏನ ಪೋರಿ, ಮನ್ಷಾ ಬೇಯಾಕತ್ತಾನ! ಇದ ಹವಾ ನಾವೆಲ್ಲಾ ತಗೋತೇವಲಾ?"

"ನಿಮಗೇನೂ ಆಗೂದಿಲ್ರಿ ಕಾಕೂ. ಅಪ್ಪಗ ಆಗ್ತೈತಿ."

ಕಾಕೂ ಮುಖ ಸಪ್ಪಗೆ ಮಾಡಿಕೊಂಡು, ನನ್ನ ಜೊತೆ ಸೇರಿ ಅಪ್ಪನ ಮಂಚವನ್ನು ಒಳಕೋಣೆಗೆ ತಳ್ಳಿದರು. ಡಾಕ್ಟರಿಗೆ ಫೋನ್ ಮಾಡಿದೆ. "ಜ್ವರ, ಕೆಮ್ಮು ಕಂಡರೆ ಕೂಡಲೇ ಕರೆತನ್ನಿ" ಎಂದರು.

"ಫಂಗಸ್ ಇರ್ಲಿ, ನಿನ್ನ ದನಿ ಕೇಳೇ ಎದಿ ಒಡೀತು ನೋಡವಾ" ಎಂದು ಅಪ್ಪ ನಕ್ಕರು. ನಗುತ್ತ ನಗುತ್ತ ಕೆಮ್ಮಿದರು. ಕಾಕೂ, ನಾನು ಮುಖ ಮುಖ ನೋಡಿಕೊಂಡೆವು.

ನೋಡಲು ಬರುವವರು ದಯವಿಟ್ಟು ಸದ್ಯಕ್ಕೆ ಅಪ್ಪನನ್ನು ನಗಿಸಬೇಡಿ. ಅದು ನಗುವಿನ ಕೆಮ್ಮೋ ಬೇರೆಯದೋ ಎಂದು ಕಾದು ನೋಡುವ ಧೈರ್ಯ ನನಗಿಲ್ಲ.