ಕೋಮಳವಲ್ಲಿ ಮಾಮಿಯ ಕಿವಿ, ದಂಡಪಾಣಿಯ ಮೀಟರು

ಮಂದವೇಲಿಯ ದಂಡಪಾಣಿಗೆ ಕೋಪ ಬಂದರೆ ಮೊದಲು ಸೋಲ್ಡರ್ ಕಡ್ಡಿಯನ್ನು ಕೆಳಗಿಡುತ್ತಾನೆ, ಆಮೇಲೆ ಬಾಯಿ ತೆರೆಯುತ್ತಾನೆ. ಅಷ್ಟು ಬುದ್ಧಿ ಬಂದದ್ದೂ ಕಾದ ಕಡ್ಡಿ ಹಿಡಿದೇ ಕೈ ಬೀಸಿ ತನ್ನ ಲುಂಗಿಗೆ ತೂತು ಮಾಡಿಕೊಂಡ ಮೇಲೆ. ಆವತ್ತು ಕೋಮಳವಲ್ಲಿ ಮಾಮಿ ಬಟ್ಟೆ ಚೀಲದಿಂದ ಶ್ರುತಿಪೆಟ್ಟಿಗೆ ತೆಗೆದು ಅವನ ಮೇಜಿನ ಮೇಲಿಟ್ಟು, "ಇದು ಸಾಯಂಕಾಲ ಇಳಿಯುತ್ತೆ ಕಣಯ್ಯಾ" ಎಂದಾಗ ಕಡ್ಡಿ ಕೆಳಗೆ ಹೋಯಿತು.

"ಏನು ಇಳಿಯುತ್ತೆ ಮಾಮಿ?"

"ಶ್ರುತಿ. ಮಧ್ಯಾಹ್ನ ಸರಿಯಾಗೇ ಇರುತ್ತೆ. ಹುಡುಗೀರು ಪಾಠಕ್ಕೆ ಬಂದು ಒಂದು ವರ್ಣ ಮುಗಿಸೋ ಹೊತ್ತಿಗೆ ಕೂದಲೆಳೆಯಷ್ಟು ಕೆಳಗೆ ಕೂತಿರುತ್ತೆ. ಗುಂಡಿ ತಿರುಗಿಸಿ ಏರಿಸ್ತೀನಿ, ಮತ್ತೆ ಇಳಿಯುತ್ತೆ."

"ನನ್ನ ಪೆಟ್ಟಿಗೆ ಇಳಿಯಲ್ಲ."

"ಸರಿ, ಹಾಗಾದ್ರೆ ಇಡೀ ಮೈಲಾಪುರ ಏರ್ತಾ ಇದೆ ಅಂತ ಇಟ್ಕೋ."

ಒಳಗಿಂದ ದಂಡಪಾಣಿಯ ಹೆಂಡತಿ ಶೆಂಬಗಂ ನಕ್ಕದ್ದು ಕೇಳಿಸಿತು. ಅವನು ಹಿಂದಿನ ಮುಚ್ಚಳ ಬಿಚ್ಚಿ, ಹಳದಿ ಕೈ ಮೀಟರು ತಂದು, ಅದರ ಕಡ್ಡಿಯನ್ನು ಅಲ್ಲಿ ಇಲ್ಲಿ ಚುಚ್ಚಿ ನೋಡಿದ. ಅಂಕಿ ಕಲ್ಲಿನ ಹಾಗೆ ನಿಂತಿತ್ತು. "ನೋಡಿ, ಅಲ್ಲಾಡಿತಾ? ಪೆಟ್ಟಿಗೆ ಸರಿಯಾಗಿದೆ. ನಿಮ್ಮ ಕಿವಿಗೆ ವಯಸ್ಸಾಗಿದೆ."

ಮಾಮಿ ಬೈದಿದ್ದರೆ ಚೆನ್ನಾಗಿತ್ತು. ಪೆಟ್ಟಿಗೆಯನ್ನು ಮತ್ತೆ ಚೀಲಕ್ಕಿಟ್ಟು, ಚಪ್ಪಲಿ ಮೆಟ್ಟಿ, ಹೊಸ್ತಿಲ ಆಚೆ ನಿಂತು ಹೇಳಿದರು: "ಶುಕ್ರವಾರ ಹುಡುಗೀರು ಮೊದಲನೇ ಸಲ ಸಂಗೀತ ಸಭೆಯಲ್ಲಿ ಹಾಡ್ತಾರೆ. ಅಷ್ಟರೊಳಗೆ ಇದು ನಿಂತ್ರೆ ಸರಿ. ಇಲ್ಲಾಂದ್ರೆ ನನ್ನ ತಂಗಿ ಮಗಳು ಫೋನಲ್ಲಿ ತಂಬೂರಿ ಹಾಕ್ಕೊಟ್ಟಿದಾಳೆ. ವೇದಿಕೆ ಮೇಲೆ ಅದನ್ನೇ ಇಟ್ಕೋತೀನಿ."

ಫೋನು! ದಂಡಪಾಣಿಯ ಅಪ್ಪ ನಾಗಸ್ವರದವರ ಪಕ್ಕದಲ್ಲಿ ಒತ್ತು ಊದುತ್ತಿದ್ದವನು. ಒತ್ತು ಅಂದರೆ ಒಂದೇ ಸ್ವರ. ನಾಗಸ್ವರದವನು ರಾಗದಲ್ಲಿ ಊರೆಲ್ಲ ಸುತ್ತಿ ಬರುವವರೆಗೆ, ಕೆನ್ನೆ ಉಬ್ಬಿಸಿ, ಉಸಿರು ಕಡಿಯದೆ, ಅದೊಂದನ್ನೇ ಹಿಡಿದಿರಬೇಕು. ಚಪ್ಪಾಳೆ ಅವನಿಗಲ್ಲ, ತಪ್ಪಿದರೆ ಬೈಗುಳ ಮಾತ್ರ ಅವನಿಗೆ. ಮಗ ಊದಲಿಲ್ಲ, ಓದಲೂ ಇಲ್ಲ. ರೇಡಿಯೋ ಅಂಗಡಿಯಲ್ಲಿ ಕಸ ಗುಡಿಸುತ್ತ ಕೆಲಸ ಕಲಿತ, ಕೊನೆಗೆ ಉಸಿರು ಬೇಡದ ಒತ್ತು ಮಾಡಿದ. ಅದೇ ಈ ಶ್ರುತಿಪೆಟ್ಟಿಗೆ. ಗಂಡ ಹೆಂಡತಿ ಇಬ್ಬರೇ ಕೂತು ಕೈಯಲ್ಲೇ ಜೋಡಿಸುತ್ತಾರೆ. ಅದನ್ನು ಮೊದಲು ಮನೆಗೆ ಒಯ್ದು, ಶಿಷ್ಯರಿಗೆಲ್ಲ ಇದನ್ನೇ ತೆಗೆದುಕೊಳ್ಳಿ ಎಂದು ಹೇಳಿದವರು ಕೋಮಳವಲ್ಲಿ ಮಾಮಿ. ಅವರೇ ಫೋನ್ ಇಟ್ಟುಕೊಂಡು ವೇದಿಕೆ ಹತ್ತಿದರೆ ಮೈಲಾಪುರದ ಯಾವ ಮನೆಯಲ್ಲೂ ದಂಡಪಾಣಿಯ ಪೆಟ್ಟಿಗೆ ಉಳಿಯುವುದಿಲ್ಲ.

"ಕಿವಿಗೆ ವಯಸ್ಸಾಗಿದೆ ಅಂದ್ರಲ್ಲ, ಆ ಮೀಟ್ರಿಗೆ ಎಷ್ಟಾಯ್ತು ವಯಸ್ಸು?" ಶೆಂಬಗಂ ಬಾಗಿಲಿಗೆ ಒರಗಿ ಕೇಳಿದಳು. "ಶ್ರುತಿ ಇರೋ ಜಾಗದಲ್ಲಿ ನೀವು ಅಳೀಲೇ ಇಲ್ಲ. ನಾನು ನೋಡ್ತಿದ್ದೆ."

ಅದು ನಿಜ. ಶ್ರುತಿಯನ್ನು ಹಿಡಿದಿಡುವ ವೋಲ್ಟು ಪೆಟ್ಟಿಗೆಯೊಳಗೆ ಒಂದೇ ಒಂದು ಸಣ್ಣ ಜಾಗದಲ್ಲಿ ನಿಂತಿರುತ್ತದೆ, ಸೂಜಿಮೊನೆಯ ಮೇಲಿನ ನೀರಹನಿಯಂತೆ. ಅಲ್ಲಿ ಕೈ ಮೀಟರಿನ ಕಡ್ಡಿ ತಾಗಿಸಿದರೆ ಮೀಟರೇ ಆ ಹನಿಯನ್ನು ಕುಡಿಯುತ್ತದೆ, ಪೆಟ್ಟಿಗೆ ಆಕಳಿಸಿದ ಹಾಗೆ ದನಿ ಜಾರುತ್ತದೆ. ಅದಕ್ಕೇ ಅವನು ಆಚೀಚೆ ಅಳೆದು ಎಲ್ಲ ಸರಿ ಎಂದಿದ್ದ. ಬೀದಿಬಾಗಿಲಲ್ಲಿ ನಿಂತು ಒಳಗಿನವರೆಲ್ಲ ಆರೋಗ್ಯ ಎಂದು ಹೇಳಿದ ಹಾಗೆ.

"ನಡಿ, ರಿಚ್ಚಿ ಸ್ಟ್ರೀಟ್‌ಗೆ," ಎಂದ ದಂಡಪಾಣಿ. "ಕುಡಿಯದೇ ಇರೋ ಮೀಟರು ತರೋಣ. ಮಾಮಿ ಮುಂದೇನೇ ಇಟ್ಟು ತೋರಿಸ್ತೀನಿ ಯಾರು ಸರಿ ಅಂತ."

"ಹಂ. ಅದನ್ನೂ ನೋಡೋಣ," ಎಂದು ಶೆಂಬಗಂ ಸೀರೆ ಬದಲಿಸಲು ಒಳಗೆ ಹೋದಳು.

ಎಲೆಕ್ಟ್ರಾನಿಕ್ ಸಾಮಾನಿನ ಸಂತೆಯಂಥ ರಿಚ್ಚಿ ಸ್ಟ್ರೀಟಿನಲ್ಲಿ ಮೀರಾನ್ ಭಾಯಿಯ ಅಂಗಡಿ ಮೂರನೇ ಮಹಡಿಯಲ್ಲಿ, ಏಣಿಯಂಥ ಮೆಟ್ಟಿಲು ಹತ್ತಿದ ಮೇಲೆ. ಮುಚ್ಚಿಹೋದ ಕಾರ್ಖಾನೆಗಳ ಸಾಮಾನೆಲ್ಲ ಅಲ್ಲಿಗೇ ಬರುತ್ತದೆ. ಭಾಯಿ ಮೊದಲು ತೋರಿಸಿದ್ದು ಹೊಚ್ಚಹೊಸದು, ಟಿವಿಯಂಥ ಬಣ್ಣದ ಪರದೆ, ಅದರ ಮೇಲೆ ಮೆರವಣಿಗೆ ಹೊರಟ ಅಂಕಿಗಳು.

"ನೋಡಣ್ಣೇ, ಎಷ್ಟು ಅಂಕಿ ತೋರಿಸುತ್ತೆ. ಸಾಲದಾ?"

"ಅಂಕಿ ಲಾಟರಿ ಟಿಕೇಟಲ್ಲೂ ಇರುತ್ತೆ ಭಾಯ್."

ದಂಡಪಾಣಿ ಜೇಬಿನಿಂದ ಒಂದು ಒಳ್ಳೆಯ ಕೆಪಾಸಿಟರ್ ತೆಗೆದ. ಅದಕ್ಕೆ ಬ್ಯಾಟರಿ ತಾಗಿಸಿ ತುಂಬಿಸಿ, ಬ್ಯಾಟರಿ ಬಿಡಿಸಿ, ಮೀಟರಿಗೆ ಕೊಟ್ಟ. ಅದರಲ್ಲಿ ಇರುವುದು ಒಂದು ಲೋಟದ ನೀರಿನಷ್ಟು, ಮತ್ತೆ ತುಂಬಿಸುವವರಿಲ್ಲ. ಮೀಟರು ಸುಮ್ಮನೆ ನೋಡುವುದಾದರೆ ಅಂಕಿ ನಿಲ್ಲಬೇಕು, ಕುಡಿಯುವುದಾದರೆ ಇಳಿಯಬೇಕು. ಬಣ್ಣದ ಪರದೆಯ ಅಂಕಿಗಳು ಮೆಟ್ಟಿಲಿಳಿದು ಓಡಿದವು. ಭಾಯಿ ಒಂದೊಂದೇ ಗುಂಡಿ ಒತ್ತಿ ನೋಡಿದ. ಕುಡಿಯುವುದನ್ನು ಬಿಡಿಸುವ ಗುಂಡಿ ಅದರಲ್ಲಿ ಇರಲೇ ಇಲ್ಲ.

"ಇದು ಕುಡುಕ," ಎಂದಳು ಶೆಂಬಗಂ. "ಮುಖ ಮಾತ್ರ ಚೆಂದ."

ಮೂಲೆಯಲ್ಲಿ ಫ್ಯಾನಿನ ಕೆಳಗೆ ಬೂದು ಬಣ್ಣದ ಹಳೆಯ ಮೀಟರೊಂದು ಬಿದ್ದಿತ್ತು. ಮೂಲೆ ಜಜ್ಜಿದೆ, ಹಿಡಿಕೆ ಮುರಿದಿದೆ, ಎತ್ತಿದರೆ ಅಕ್ಕಿ ಮೂಟೆಯ ಭಾರ. ಪ್ಲಗ್ ಹಾಕಿದರೆ ಹಸಿರು ಅಂಕಿಗಳು ನಿಧಾನಕ್ಕೆ ಕಣ್ಣುಬಿಟ್ಟವು. ದಂಡಪಾಣಿ ಸ್ಟೂಲು ಎಳೆದುಕೊಂಡು ಅದರ ಮುಂದೆ ಕೂತೇಬಿಟ್ಟ.

"ಏನಣ್ಣೇ, ನೋಡಲ್ವಾ?"

"ಒಂದು ಗಂಟೆ ಕಾಯಲಿ. ತಣ್ಣಗಿರೋ ಮೀಟರಿನ ಮಾತು ಯಾರು ಕೇಳ್ತಾರೆ?"

"ಕರೆಂಟ್ ಬಿಲ್ ನಿಮ್ಮ ಮಾವ ಕಟ್ತಾರಾ?"

"ಕಟ್ತಾರೆ, ಅವರನ್ನ ಹುಡುಕಿ ಕರ್ಕೊಂಡು ಬಾ," ಎಂದಳು ಶೆಂಬಗಂ. ಅವಳಪ್ಪ ಊರು ಬಿಟ್ಟು ಹೋಗಿ ಬಹಳ ಕಾಲವಾಗಿತ್ತು. ಭಾಯಿ ನಕ್ಕು ಟೀ ತರಿಸಿದ.

ಹಾಲು ಕಾಯುವ ಮುಂಚೆ ಕುದಿಯುವ ಮನುಷ್ಯ ಒಂದು ಯಂತ್ರದ ಮುಂದೆ ಅಷ್ಟು ಹೊತ್ತು ಕೈಕಟ್ಟಿ ಕೂತದ್ದನ್ನು ಅವನ ಹೆಂಡತಿಯೂ ನೋಡಿದ್ದು ಅದೇ ಮೊದಲು. ಮೀಟರು ಬೆಚ್ಚಗಾದ ಮೇಲೆ ಅವನು ಬರಿಯ ತಾಮ್ರದ ತಂತಿ ಬಗ್ಗಿಸಿ ಮೀಟರಿನ ಎರಡು ತೂತಿಗೂ ಸೇರಿಸಿದ. ಏನೂ ಇಲ್ಲದ ಕಡೆ ಏನೂ ಇಲ್ಲ ಎನ್ನಬೇಕು. ಅದು ಮೊದಲ ಪರೀಕ್ಷೆ. ಸೊನ್ನೆಗಳು ಸಾಲಾಗಿ ನಿಂತವು. ತಂತಿಯ ಒಂದು ತುದಿಗೆ ಬೆರಳಿಟ್ಟರೆ ಕೊನೆಯ ಅಂಕಿ ಮೆಲ್ಲಗೆ ಹೊರಳಿತು, ತೆಗೆದರೆ ಮೆಲ್ಲಗೆ ಮನೆಗೆ ಮರಳಿತು. ಬೆರಳಿನ ಬಿಸಿ ಕೂಡ ಅದಕ್ಕೆ ಗೊತ್ತಾಗುತ್ತಿತ್ತು.

ಆಮೇಲೆ ಕೆಪಾಸಿಟರ್. ತಾಗಿಸಿದ ತಕ್ಷಣ ಅಂಕಿ ಇಳಿಯತೊಡಗಿತು. "ನಿಮ್ಮದೂ ಕುಡಿಯುತ್ತೆ," ಎಂದು ಭಾಯಿ ತೊಡೆ ತಟ್ಟಿ ನಕ್ಕ. ದಂಡಪಾಣಿಯ ಮುಖ ಕೆಂಪಾಯಿತು, ಆದರೆ ಕೈ ಸುಮ್ಮನಿರಲಿಲ್ಲ. ಗುಂಡಿ ಒತ್ತಿ ಒತ್ತಿ, ಒಳಗಿನ ಪಟ್ಟಿಯಲ್ಲಿ ಒಂದು ಕಡೆ ನಿಂತು, ಅದನ್ನು ಕುಡಿಯುವುದನ್ನು ಬಿಡಿಸುವ ಆಯ್ಕೆಗೆ ಬದಲಿಸಿ, ಕೆಪಾಸಿಟರನ್ನು ಮತ್ತೆ ತುಂಬಿಸಿ ತಾಗಿಸಿದ. ಅಂಕಿ ನಿಂತಿತು. ಮೂವರೂ ಬಗ್ಗಿ ನೋಡಿದರು. ಟೀ ಆರಿತು. ಅಂಕಿ ನಿಂತೇ ಇತ್ತು, ಅಪ್ಪ ಕೆನ್ನೆ ಉಬ್ಬಿಸಿ ನಿಂತ ಹಾಗೆ.

"ಇದೇ," ಎಂದ ದಂಡಪಾಣಿ. ಮೀಟರನ್ನು ಆಗಲೇ ತಬ್ಬಿ ಹಿಡಿದಿದ್ದ. ಬೆಲೆಯ ಮಾತನ್ನು ಅದಕ್ಕೇ ಶೆಂಬಗಂ ವಹಿಸಿಕೊಂಡಳು, ಬೇಗನೇ ಮುಗಿಸಿದಳು.

ಮರುದಿನ ಮಧ್ಯಾಹ್ನ ಆಟೋದಲ್ಲಿ ಮೀಟರನ್ನು ತೊಡೆಯ ಮೇಲೆ ಕೂರಿಸಿಕೊಂಡು ಇಬ್ಬರೂ ಮಾಮಿಯ ಮನೆಗೆ ಹೋದರು. ಪಾಠ ಶುರುವಾಗುವ ಮುಂಚೆಯೇ ಅದು ಬೆಚ್ಚಗಾಗಬೇಕಿತ್ತು. ಮಾಮಿ ಹಜಾರದ ತೂಗುಮಂಚದಿಂದಲೇ ಕೇಳಿದರು: "ಇದೇನು, ನನ್ನ ಕಿವಿಗೆ ಔಷಧಿನಾ?"

"ಸಾಕ್ಷಿ ತಂದಿದೀನಿ ಮಾಮಿ. ನೀವು ಕಣ್ಣು ಮುಚ್ಚಿ ಕೂತ್ಕೊಳಿ. ಶ್ರುತಿ ಇಳಿದಾಗ ಹೇಳಿ. ನಾನು ಅಂಕಿ ನೋಡ್ತೀನಿ. ಇದು ಅಲ್ಲಾಡದೇ ಇದ್ರೆ ನೀವು ಫೋನಿನ ಮಾತು ಎತ್ತಬಾರದು."

"ಅಲ್ಲಾಡಿದ್ರೆ?"

"ಅಲ್ಲಾಡಲ್ಲ."

"ಅಲ್ಲಾಡಿದ್ರೆ ಹೇಳಯ್ಯಾ ಅಂದ್ರೆ."

"ನೀವು ಹೇಳಿದ ಹಾಗೆ," ಎಂದುಬಿಟ್ಟ.

ಪೆಟ್ಟಿಗೆಯ ಹಿಂದಿನ ಮುಚ್ಚಳ ತೆಗೆದು, ಯಾರೂ ಮುಟ್ಟದ ಆ ಒಂದು ಜಾಗಕ್ಕೆ ತಂತಿ ಸಿಕ್ಕಿಸಿದ. ದನಿ ಒಂದಿಷ್ಟೂ ಜಾರಲಿಲ್ಲ. ಮೀಟರು ಕುಡಿಯುತ್ತಿಲ್ಲ. ಆ ಸಂತೋಷಕ್ಕೇ ಅವನಿಗೆ ಕೂತಲ್ಲಿ ಕೂರಲಾಗಲಿಲ್ಲ. ಹಜಾರದಲ್ಲಿ ಪೆಟ್ಟಿಗೆಯ ಸ್ವರ ಒಂದೇ ಸಮನೆ ತುಂಬಿತು. ಬಿಸಿಲು ಸರಿಯಿತು. ಕಪಾಲಿ ದೇವಸ್ಥಾನದ ಕೊಳದ ಕಡೆಯಿಂದ ಕಡಲಗಾಳಿ ಒಳಗೆ ಬಂದು ಕ್ಯಾಲೆಂಡರನ್ನು ಪಟಪಟನೆ ಬಡಿಯಿತು.

ಮಾಮಿ ಕಣ್ಣು ಮುಚ್ಚಿದ್ದರು. ಹಸಿರು ಅಂಕಿ ನಿಂತಿತ್ತು. ಆಮೇಲೆ ಕೊನೆಯದು ಒಂದು ಹೆಜ್ಜೆ ಹಿಂದೆ ಸರಿಯಿತು. ಮತ್ತೊಂದು. ಅದರ ಪಕ್ಕದ ಅಂಕಿಯೂ ಬಿತ್ತು. ದಂಡಪಾಣಿ ಮಾಮಿಯನ್ನು ನೋಡಿದ. ಅವರು ಇನ್ನೂ ಸುಮ್ಮನಿದ್ದರು. ಅದರ ಪಕ್ಕದ್ದೂ ಬಿತ್ತು.

"ಈಗ," ಎಂದರು ಮಾಮಿ.

ಶೆಂಬಗಂ ಗಂಡನ ಮುಖ ನೋಡಿದಳು. "ಹೇಳಿ, ಸಾಕ್ಷಿ ಏನಂದ?"

ಬೇರೆಯವನಾಗಿದ್ದರೆ ನಾಚುತ್ತಿದ್ದ, ಇಲ್ಲ ಜಗಳಕ್ಕೆ ನಿಲ್ಲುತ್ತಿದ್ದ. ದಂಡಪಾಣಿ ಎದ್ದು ನಿಂತು ಎರಡು ಕೈಯನ್ನೂ ತಲೆಯ ಮೇಲಿಟ್ಟುಕೊಂಡ. "ಇಳಿದಿದೆ ಮಾಮಿ. ನಿಮ್ಮ ಕಿವಿ ಸರಿ. ನಾನು ಕತ್ತೆ. ಇನ್ನೊಂದು ಸಲ. ಗುಂಡಿ ಏರಿಸಿ, ಇನ್ನೊಂದು ಸಲ ಹೇಳಿ ನೋಡೋಣ." ಮಾಮಿ ಏರಿಸಿದರು, ಕಣ್ಣು ಮುಚ್ಚಿದರು, ಅದೇ ಅಂಕಿ ಬೀಳುವಾಗ "ಈಗ" ಎಂದರು. ಅವನು ಚಪ್ಪಾಳೆ ತಟ್ಟಿದ. ಸೋತವನು ಇಷ್ಟು ಕುಣಿಯುವುದನ್ನು ಆ ಮನೆ ಕಂಡಿರಲಿಲ್ಲ.

"ಕುಣಿದಿದ್ದು ಸಾಕು. ಯಾಕೆ ಇಳಿಯುತ್ತೆ ಅದನ್ನ ಹೇಳು," ಎಂದು ಮಾಮಿ ಕಾಫಿ ತಂದು, ಲೋಟ ಕೂರಿಸಿದ ಅಗಲ ಬಟ್ಟಲು ಡಬರಾವನ್ನು ಪೆಟ್ಟಿಗೆಯ ಪಕ್ಕದಲ್ಲೇ ಇಟ್ಟರು. ಬಿಸಿ ಕಾಫಿಯ ಹಬೆ ಬಿಚ್ಚಿದ ಪೆಟ್ಟಿಗೆಯೊಳಗೆ ನುಗ್ಗಿತು. ಹಸಿರು ಅಂಕಿಗಳು ಇದ್ದಕ್ಕಿದ್ದ ಹಾಗೆ ಕೆಳಗೆ ಓಡಿದವು, ದನಿ ಯಾರಿಗಾದರೂ ಕೇಳುವಷ್ಟು ಜಾರಿತು.

ಶೆಂಬಗಂ ಡಬರಾ ಎತ್ತಿದಳು. ಅಂಕಿ ಮೆಲ್ಲಗೆ ಮೇಲೆ ಬಂತು. ಇಟ್ಟಳು. ಇಳಿಯಿತು.

"ತೇವ," ಎಂದ ದಂಡಪಾಣಿ. "ಗಾಳೀಲಿರೋ ತೇವ. ಒಳಗೇನೋ ಅದನ್ನ ಹೀರಿಕೊಳ್ತಾ ಇದೆ." ಅವನು ಇಡೀ ಬೋರ್ಡನ್ನೇ ಎಬ್ಬಿಸಿ ತಿರುಗಿಸಿದ. ಗುಂಡಿಯ ಬುಡದಲ್ಲಿ, ಹಿಂದಿನಿಂದ ಕಾಣದ ಕಡೆ, ಕೆಂಪು ಹಳದಿಯ ಗಟ್ಟಿ ಪದರ ಸುತ್ತಲಿನ ತಾಮ್ರದ ಗೆರೆಗಳನ್ನೆಲ್ಲ ಸೇರಿಸಿ ಹಿಡಿದುಕೊಂಡಿತ್ತು. ಮೂಗಿಗೆ ಹಿಡಿದರೆ ಗಂಧದ ವಾಸನೆ.

ಶೆಂಬಗಂ ಮೊದಲು ಕಂಡುಕೊಂಡಳು. "ಮಾಮಿ, ಸರಸ್ವತಿ ಪೂಜೆಗೆ ಇದಕ್ಕೆ ಗಂಧ ಕುಂಕುಮ ಎಲ್ಲಿ ಇಡ್ತೀರಿ?"

"ಇನ್ನೆಲ್ಲಿ? ಹಣೆಗೆ. ಈ ಗುಂಡೀಗೆ. ಪ್ರತಿ ವರ್ಷ, ಚೆನ್ನಾಗಿ ನೀರಲ್ಲಿ ಕಲಸಿ."

ವೀಣೆಗೆ ಇಟ್ಟರೆ ಮರದ ಮೇಲೆ ಒಣಗಿ ಉದುರುತ್ತದೆ. ಈ ಹಣೆಗೆ ಗುಂಡಿ ಕೂರಿಸಿದ ತೂತಿತ್ತು. ನೀರಾಗಿ ಕಲಸಿದ್ದು ವರ್ಷ ವರ್ಷವೂ ಒಳಗಿಳಿದಿತ್ತು. ಮಧ್ಯಾಹ್ನ ಒಣಗಿ ತೆಪ್ಪಗಿರುವುದು, ಕಡಲಗಾಳಿ ಬಂದರೆ ತೇವ ಹಿಡಿದು ಆ ನೀರಹನಿಯಂಥ ವೋಲ್ಟನ್ನು ಸೋರಿಸುವುದು.

"ಪೂಜೆ ಮಾಡಿದ್ದೇ ತಪ್ಪು ಅಂತೀಯಾ?" ಮಾಮಿಯ ದನಿ ಏರಿತು.

"ನೀವು ಮಾಡಿದ್ದಲ್ಲ. ನಾನು ಹಣೆಗೆ ತೂತಿಟ್ಟದ್ದು ತಪ್ಪು. ಈ ಊರಲ್ಲಿ ಮಾರೋ ಪೆಟ್ಟಿಗೆಗೆ ಕುಂಕುಮ ಇಡ್ತಾರೆ ಅಂತ ನನಗೆ ಹೊಳೀಬೇಕಿತ್ತು."

ಸ್ಪಿರಿಟ್ಟಿನಲ್ಲಿ ಹಲ್ಲುಜ್ಜುವ ಬ್ರಷ್ ಅದ್ದಿ ತಿಕ್ಕಿದಾಗ ಬಟ್ಟೆಯೆಲ್ಲ ಕೆಂಪಾಯಿತು. ಮಾಮಿಯ ತಂಗಿ ಮಗಳು ಒಳಗಿಂದ ಕೂದಲು ಒಣಗಿಸುವ ಯಂತ್ರ ತಂದು ಬಿಸಿಗಾಳಿ ಬಿಟ್ಟಳು. ಶೆಂಬಗಂ ಹಳೇ ಸೈಕಲ್ ಟ್ಯೂಬಿನಿಂದ ಉಂಗುರ ಕತ್ತರಿಸಿ ಗುಂಡಿಯ ಕೆಳಗೆ ಬಿಗಿಯಾಗಿ ಕೂರಿಸಿದಳು. ಮತ್ತೆ ತಂತಿ ಸಿಕ್ಕಿಸಿ, ಕಾಫಿಯ ಹಬೆ ಹಿಡಿದರು. ಅಂಕಿ ಕದಲಲಿಲ್ಲ. ಅಷ್ಟಕ್ಕೇ ಮಾಮಿ ಒಪ್ಪಲಿಲ್ಲ. ದೇವರಮನೆಯಿಂದ ಬಟ್ಟಲು ತಂದು, ಗಂಧ ಕುಂಕುಮವನ್ನು ನೀರಾಗಿ ಕಲಸಿ, ಗುಂಡಿಯ ಸುತ್ತ ಧಾರಾಳವಾಗಿ ಹಚ್ಚಿ, "ಈಗ ನಿಲ್ಲಲಿ ನೋಡೋಣ" ಎಂದರು.

ಹುಡುಗಿಯರು ಬಂದು ಚಾಪೆಯ ಮೇಲೆ ಕೂತರು. ಕಿಟಕಿಗಳೆಲ್ಲ ತೆರೆದಿದ್ದವು, ಗಾಳಿ ಉಪ್ಪುಪ್ಪಾಗಿ ಬೀಸುತ್ತಿತ್ತು. ವರ್ಣ ಮುಗಿಯಿತು, ಮುಂದಿನದು ಶುರುವಾಯಿತು. ಮಾಮಿ ಗುಂಡಿಯತ್ತ ಕೈ ಚಾಚಲೇ ಇಲ್ಲ. ಹಾಡಿನ ನಡುವೆಯೇ ತಂಗಿ ಮಗಳ ಕಡೆ ತಿರುಗಿ, "ಶುಕ್ರವಾರ ನಿನ್ನ ಫೋನು ಮನೇಲೇ ಇರಲಿ," ಎಂದರು.

ದಂಡಪಾಣಿಗೆ ಅದು ಕೇಳಿಸಿತೋ ಇಲ್ಲವೋ. ಅವನು ಮೀಟರಿಗೆ ಮೂಗು ತಾಗುವಷ್ಟು ಬಗ್ಗಿ, ನಿಂತಲ್ಲೇ ನಿಂತ ಅಂಕಿಗಳನ್ನು ಒಂದೊಂದಾಗಿ, ಮೊದಲಿನಿಂದ ಕೊನೆಯವರೆಗೆ, ಮತ್ತೆ ಮೊದಲಿನಿಂದ, ಗಟ್ಟಿಯಾಗಿ ಓದುತ್ತಿದ್ದ.

"ದಂಡಪಾಣಿ," ಎಂದರು ಮಾಮಿ, ತೊಡೆಯ ಮೇಲೆ ತಾಳ ಬಿಡದೆ. "ಮನಸ್ಸಲ್ಲಿ ಓದ್ಕೊ. ಹುಡುಗೀರಿಗೆ ತಾಳ ತಪ್ತಾ ಇದೆ."